ವಯಸ್ಸಾದವರಲ್ಲಿ ಪಿತ್ತಕೋಶ ತಿರುಚಿಕೊಂಡರೆ: ಗುರುತಿಸುವುದು ಹೇಗೆ? ಟ್ಯೂಬ್ ಹಾಕುವುದೋ, ಆಪರೇಶನ್ನೋ?

ಕೇಳಿದ್ದು:
84 ವರ್ಷದ ಮಹಿಳೆ, ತೀರಾ ಸಣಕಲು ಮೈ, ಗೂನು ಬೆನ್ನು. ನಿನ್ನೆ ಏಕಾಏಕಿ ಬಲಗಡೆ ಮೇಲ್ಹೊಟ್ಟೆಯಲ್ಲಿ ನೋವು, ಬೆನ್ನಿಗೇ ವಾಂತಿ. ಜ್ವರವಿಲ್ಲ, ಕಾಮಾಲೆಯಿಲ್ಲ, ಲಿವರ್ ಫಂಕ್ಷನ್ ಟೆಸ್ಟ್ ನಾರ್ಮಲ್. ಅಲ್ಟ್ರಾಸೌಂಡ್‌ನಲ್ಲಿ ಊದಿದ ಪಿತ್ತಕೋಶ, ದಪ್ಪ ಗೋಡೆ, ಕಲ್ಲಿಲ್ಲ. ಕೊಲಿಸಿಸ್ಟೈಟಿಸ್ (ಪಿತ್ತಕೋಶದ ಉರಿಯೂತ) ಎಂದು ಆಂಟಿಬಯೋಟಿಕ್ ಕೊಡುತ್ತಿದ್ದೇವೆ, ನೋವು ಇಳಿಯುತ್ತಿಲ್ಲ. ಪಿತ್ತಕೋಶ ತಿರುಚಿರಬಹುದೇ? ವಯಸ್ಸು ನೋಡಿ ಸದ್ಯಕ್ಕೆ ಚರ್ಮದ ಮೂಲಕ ಪಿತ್ತಕೋಶಕ್ಕೆ ಟ್ಯೂಬ್ ಹಾಕಿ ಬಸಿದರೆ ಸಾಕೇ?

ತುರ್ತು ಚಿಕಿತ್ಸಾ ವಿಭಾಗದಿಂದ:
ನೀವು ಬರೆದಿರುವುದರಲ್ಲೇ ಅರ್ಧ ಉತ್ತರವಿದೆ. ಸಣಕಲು ಮೈ, ಇಳಿವಯಸ್ಸು, ಬೆನ್ನುಮೂಳೆಯ ವಕ್ರತೆ; ದಿಢೀರ್ ನೋವು, ಬೇಗ ಶುರುವಾದ ವಾಂತಿ; ಇಷ್ಟಾದರೂ ಮೈಯಲ್ಲಿ ನಂಜಿನ ಲಕ್ಷಣವಿಲ್ಲ. ಇವು ಒಟ್ಟಿಗೆ ಬಂದಾಗ ತಿರುಚನ್ನು ಪಟ್ಟಿಯ ಮೇಲ್ಭಾಗದಲ್ಲಿಡಿ. ಹೊಟ್ಟೆ ಮುಟ್ಟಿದಾಗ ಗಡ್ಡೆ ಸಿಗುತ್ತದೆಯೇ, ಜ್ವರವಿಲ್ಲದಿದ್ದರೂ ನಾಡಿ ಏರಿದೆಯೇ ನೋಡಿ.

ವಯಸ್ಸಾದಂತೆ ಕೊಬ್ಬು ಕರಗಿ, ಲಿವರ್ ಕುಗ್ಗಿ, ಪಿತ್ತಕೋಶವನ್ನು ಹಿಡಿದಿರುವ ಮೆಸೆಂಟರಿ (ರಕ್ತನಾಳಗಳಿರುವ ತೆಳು ಪೊರೆ) ಉದ್ದವಾಗುತ್ತದೆ. ಜೋತುಬಿದ್ದ ಪಿತ್ತಕೋಶ ತನ್ನದೇ ಕುತ್ತಿಗೆಯ ಸುತ್ತ ಸುತ್ತಿಕೊಳ್ಳಲು ಅಷ್ಟು ಸಾಕು. ಕಲ್ಲು ಇರಲೇಬೇಕೆಂದಿಲ್ಲ, ಬಹುಪಾಲು ಮಂದಿಯಲ್ಲಿ ಇರುವುದೇ ಇಲ್ಲ. 180 ಡಿಗ್ರಿಗಿಂತ ಕಡಿಮೆ ತಿರುಗಿದ್ದರೆ ನೋವು ಬಂದು ಹೋಗಿ ಮಾಡುತ್ತದೆ. ಅದನ್ನು ದಾಟಿದರೆ ಸಿಸ್ಟಿಕ್ ಡಕ್ಟ್ (ಪಿತ್ತಕೋಶವನ್ನು ಮುಖ್ಯ ಪಿತ್ತನಾಳಕ್ಕೆ ಸೇರಿಸುವ ಕೊಳವೆ) ಜೊತೆಗೆ ರಕ್ತನಾಳವೂ ಹಿಸುಕಿಹೋಗಿ ಗೋಡೆ ಸಾಯತೊಡಗುತ್ತದೆ. ಮೂಲದಲ್ಲಿ ಇದು ರಕ್ತ ಸಂಚಾರ ನಿಂತ ಕಾಯಿಲೆ, ಸೋಂಕಲ್ಲ. ಆಂಟಿಬಯೋಟಿಕ್‌ಗೆ ಜಗ್ಗದಿರುವುದು ಅದಕ್ಕೇ.

ರೇಡಿಯಾಲಜಿಯಿಂದ:
ಅಲ್ಟ್ರಾಸೌಂಡ್ ಮತ್ತೊಮ್ಮೆ ಮಾಡಿಸಿ, ಈ ಸಲ ನಿರ್ದಿಷ್ಟ ಪ್ರಶ್ನೆ ಇಟ್ಟುಕೊಂಡು: ಪಿತ್ತಕೋಶ ತನ್ನ ಜಾಗದಲ್ಲಿದೆಯೇ, ಲಿವರ್‌ನಿಂದ ಕಳಚಿ ಕೆಳಗೋ ನಡುವಿಗೋ ಸರಿದಿದೆಯೇ? ಕುತ್ತಿಗೆಯ ಹತ್ತಿರ ಶಂಕುವಿನಂತೆ ಚೂಪಾಗಿದೆಯೇ? ರಕ್ತದ ಓಟ ತೋರಿಸುವ ಕಲರ್ ಡಾಪ್ಲರ್‌ನಲ್ಲಿ ಗೋಡೆಯೊಳಗೆ ರಕ್ತದ ಹರಿವಿಲ್ಲದಿದ್ದರೆ ಅನುಮಾನ ಗಟ್ಟಿ. ಆದರೆ ಹರಿವು ಕಂಡಿತೆಂದು ತಿರುಚನ್ನು ತಳ್ಳಿಹಾಕಬೇಡಿ, ಅರ್ಧ ತಿರುಚಿನಲ್ಲಿ ಹರಿವು ಉಳಿದಿರುತ್ತದೆ.

ಮುಂದೆ ಕಾಂಟ್ರಾಸ್ಟ್ (ರಕ್ತನಾಳಕ್ಕೆ ಕೊಡುವ ಬಣ್ಣದ್ರವ) ಹಾಕಿ ಸಿಟಿ ಸ್ಕ್ಯಾನ್. ಅಡ್ಡ ಸ್ಲೈಸ್‌ಗಳಲ್ಲೇ ನಿಲ್ಲಬೇಡಿ, ಕೊರೋನಲ್ (ಮುಂದಿನಿಂದ ಹಿಂದಕ್ಕೆ ಸಾಗುವ ಲಂಬ) ಚಿತ್ರಗಳನ್ನು ನಿಧಾನವಾಗಿ ಉರುಳಿಸಿ. ಪಿತ್ತಕೋಶ ಅಡ್ಡಡ್ಡಲಾಗಿ ಮಲಗಿರುವುದು, ಅದಕ್ಕೂ ಲಿವರ್‌ಗೂ ನಡುವೆ ನೀರು, ಗೋಡೆ ಕಾಂಟ್ರಾಸ್ಟ್ ಹೀರದಿರುವುದು, ಸಿಸ್ಟಿಕ್ ಡಕ್ಟ್ ಸುಳಿಯಂತೆ ಸುತ್ತಿರುವುದು, ಇವನ್ನು ಹುಡುಕಬೇಕು. ನನ್ನ ಪ್ರಕಾರ ಸುಳಿಯೇ ಅತ್ಯಂತ ನಂಬಿಕಸ್ಥ ಗುರುತು, ತಪ್ಪಿಹೋಗುವುದೂ ಅದೇ. ಎಂಆರ್‌ಸಿಪಿಯಲ್ಲಿ (ಪಿತ್ತನಾಳಗಳ ಎಂಆರ್‌ಐ) ಮುಖ್ಯ ಪಿತ್ತನಾಳ ಇಂಗ್ಲಿಷ್‌ನ ವಿ ಅಕ್ಷರದಂತೆ ಎಳೆದುಕೊಂಡಿರುವುದು ಚೆನ್ನಾಗಿ ಕಾಣುತ್ತದೆ. ತಕ್ಷಣ ಸಿಗುವುದಾದರೆ ಮಾಡಿ, ನಾಳೆ ಬೆಳಗ್ಗಿನ ಸ್ಲಾಟ್‌ಗೆ ಕಾಯುವುದು ಬೇಡ.

ಸರ್ಜರಿಯಿಂದ:
ಟ್ಯೂಬ್ ವಿಚಾರಕ್ಕೆ ನೇರವಾಗಿ ಹೇಳುತ್ತೇನೆ: ತಿರುಚು ಎಂಬ ಅನುಮಾನ ಬಲವಾಗಿದ್ದರೆ ಹಾಕಬೇಡಿ. ಬಸಿದರೆ ಒಳಗಿನ ಒತ್ತಡ ಇಳಿಯುತ್ತದೆ, ತಿರುಚು ಬಿಚ್ಚುವುದಿಲ್ಲ, ರಕ್ತವೂ ಮರಳುವುದಿಲ್ಲ. ಮೇಲಾಗಿ, ಪಿತ್ತಕೋಶ ಲಿವರ್‌ಗೆ ಅಂಟಿಕೊಂಡಿಲ್ಲ. ಲಿವರ್ ಮೂಲಕ ಹೋಗುವ ಸುರಕ್ಷಿತ ದಾರಿಯೇ ಇಲ್ಲದಿರಬಹುದು. ಸತ್ತ ಗೋಡೆಗೆ ಚುಚ್ಚಿದರೆ ಪಿತ್ತರಸ ಹೊಟ್ಟೆಯೊಳಗೆ ಸೋರುತ್ತದೆ.

ಬೇಕಾಗಿರುವುದು ತುರ್ತು ಕೊಲಿಸಿಸ್ಟೆಕ್ಟಮಿ (ಪಿತ್ತಕೋಶ ತೆಗೆಯುವ ಆಪರೇಶನ್), ಸಾಧ್ಯವಾದಷ್ಟೂ ಲ್ಯಾಪ್ರೋಸ್ಕೋಪಿಯಲ್ಲಿ. ಎಷ್ಟೋ ತಿರುಚುಗಳು ಗೊತ್ತಾಗುವುದೇ ಕ್ಯಾಮೆರಾ ಒಳಗೆ ಹೋದ ಮೇಲೆ. ಕಪ್ಪಗೆ ಬಿಗಿದಿರುವ ಪಿತ್ತಕೋಶವನ್ನು ಗ್ರಾಸ್ಪರ್ ಎಂಬ ಇಕ್ಕಳದಿಂದ ಹಿಡಿದರೆ ಹರಿಯುತ್ತದೆ. ಮೊದಲು ತುದಿಯಲ್ಲಿ ಸೂಜಿ ಚುಚ್ಚಿ ಒಳಗಿನ ದ್ರವ ಹೀರಿ, ಮೆತ್ತಗಾದ ಮೇಲೆ ಹಿಡಿಯಿರಿ.

ನಂತರ ತಿರುಚು ಬಿಚ್ಚಿ, ಆಮೇಲಷ್ಟೇ ಕ್ಲಿಪ್. ಈ ಕ್ರಮ ತಪ್ಪಬಾರದು. ತಿರುಚು ಮುಖ್ಯ ಪಿತ್ತನಾಳವನ್ನು ತನ್ನತ್ತ ಎಳೆದುಕೊಂಡಿರುತ್ತದೆ. ಬಿಚ್ಚದೆ ಕ್ಲಿಪ್ ಹಾಕಿದರೆ ಸಿಸ್ಟಿಕ್ ಡಕ್ಟ್ ಎಂದುಕೊಂಡು ಅದನ್ನೇ ಕತ್ತರಿಸುವ ಅಪಾಯ. ಯಾವ ಕಡೆಗೆ ಸುತ್ತಿದೆ ಎಂಬುದನ್ನು ಕುತ್ತಿಗೆಯಲ್ಲಿ ನೋಡಿ, ಅದಕ್ಕೆ ಎದುರಾಗಿ ತಿರುಗಿಸಿ. ಬಿಚ್ಚಿದ ಮೇಲೂ ಕ್ರಿಟಿಕಲ್ ವ್ಯೂ (ಪಿತ್ತಕೋಶಕ್ಕೆ ಹೋಗುವ ಸಿಸ್ಟಿಕ್ ಡಕ್ಟ್, ರಕ್ತನಾಳ ಎರಡೇ ಎಂದು ಸ್ಪಷ್ಟವಾಗಿ ಕಾಣುವ ನೋಟ) ಸಿಗಲೇಬೇಕು. ಡಕ್ಟ್ ಊದಿಕೊಂಡು ಕ್ಲಿಪ್ ನಿಲ್ಲದಂತಿದ್ದರೆ ಎಂಡೋಲೂಪ್ (ಬಿಗಿಯುವ ದಾರದ ಕುಣಿಕೆ) ಬಳಸಿ. ಲಿವರ್‌ನಿಂದ ಬಿಡಿಸುವ ಕೆಲಸ ಹೆಚ್ಚೇನಿರುವುದಿಲ್ಲ. ಮೆಸೆಂಟರಿಯನ್ನು ಕತ್ತರಿಸಿ, ಬ್ಯಾಗ್‌ನಲ್ಲಿ ಹಾಕಿ ಹೊರತೆಗೆಯುವುದಷ್ಟೇ. ಆಪರೇಶನ್ ಹೀಗೆ ಚಿಕ್ಕದು ಎಂಬುದನ್ನು ವಯಸ್ಸಿನ ಲೆಕ್ಕ ಹಾಕುವಾಗ ಮರೆಯಬೇಡಿ.

ಬಿಚ್ಚಿದ ಮೇಲೆ ಬಣ್ಣ ಮರಳಿತೆಂದು ಪಿತ್ತಕೋಶವನ್ನು ಉಳಿಸಿ ಬರುವುದೂ ಬೇಡ. ಉದ್ದ ಮೆಸೆಂಟರಿ ಹಾಗೇ ಇದ್ದರೆ ಮತ್ತೆ ತಿರುಚುತ್ತದೆ.

ಅನಸ್ತೀಷಿಯಾದಿಂದ:
ರಾತ್ರಿಯಿಡೀ ವಾಂತಿ ಮಾಡಿದ ರೋಗಿ, ಹೊಟ್ಟೆಯಲ್ಲಿ ಇನ್ನೂ ಏನೋ ಇದೆ ಎಂದೇ ತಿಳಿಯಿರಿ. ಮೊದಲೇ ಐವಿ ದ್ರವ ಕೊಟ್ಟು, ಪೊಟ್ಯಾಸಿಯಂ ಸರಿಪಡಿಸಿ. ತೂಕ 50 ಕೆಜಿಗಿಂತ ಕಡಿಮೆಯಿದ್ದರೆ ಐವಿ ಪ್ಯಾರಾಸಿಟಮಾಲ್ 1 ಗ್ರಾಂ ಕಣ್ಣುಮುಚ್ಚಿ ಕೊಡಬೇಡಿ, ಕೆಜಿಗೆ 15 ಮಿಗ್ರಾಂ ಲೆಕ್ಕ. ರಕ್ತ ತೆಳುಗೊಳಿಸುವ ಮಾತ್ರೆ ಯಾವುದು, ಕೊನೆಯ ಡೋಸ್ ಎಷ್ಟು ಹೊತ್ತಿಗೆ ಎಂದು ಮನೆಯವರನ್ನು ಈಗಲೇ ಕೇಳಿ. ಗೂನು ಬೆನ್ನಿಗೆ ತಲೆ, ಭುಜಗಳ ಕೆಳಗೆ ದಿಂಬು ಕೊಟ್ಟ ಮೇಲೇ ಇಂಡಕ್ಷನ್ (ಅರಿವಳಿಕೆ ಶುರು). ತಲೆಭಾಗ ಎತ್ತರಿಸುವಾಗ ಬಿಪಿ ಕುಸಿಯುತ್ತದೆ, ಟೇಬಲ್ ನಿಧಾನವಾಗಿ ಓರೆ ಮಾಡಿ. ಲ್ಯಾಪ್ರೋಸ್ಕೋಪಿಗೆ ಹೊಟ್ಟೆಯಲ್ಲಿ ತುಂಬುವ ಗ್ಯಾಸ್‌ನ ಒತ್ತಡ 8ರಿಂದ 10 ಎಂಎಂ ಎಚ್‌ಜಿಯಲ್ಲಿ ಕೆಲಸ ಸಾಗಿದರೆ ಹೃದಯಕ್ಕೆ, ಶ್ವಾಸಕೋಶಕ್ಕೆ ಒಳ್ಳೆಯದು.

ಕೇಳಿದವರು:
ಸಿಟಿಯಲ್ಲಿ ಸುಳಿ ಸ್ಪಷ್ಟವಾಗಿದೆ, ಥಿಯೇಟರ್‌ಗೆ ಒಯ್ಯುತ್ತಿದ್ದೇವೆ. ತೆಗೆದ ಮೇಲೆ ಆಂಟಿಬಯೋಟಿಕ್ ಎಷ್ಟು ದಿನ?

ಸರ್ಜರಿಯಿಂದ:
ಗೋಡೆ ಸತ್ತಿದ್ದರೆ ಅಥವಾ ಒಡೆದಿದ್ದರೆ 4ರಿಂದ 7 ದಿನ. ಗೋಡೆ ಜೀವಂತವಾಗಿದ್ದು ಏನೂ ಸೋರಿಲ್ಲವಾದರೆ 24 ಗಂಟೆಯೊಳಗೆ ನಿಲ್ಲಿಸಿ. ಮರುದಿನವೇ ಹಾಸಿಗೆಯಿಂದ ಎಬ್ಬಿಸಿ ಕೂರಿಸಿ, ಉಸಿರಾಟದ ವ್ಯಾಯಾಮ ಶುರು ಮಾಡಿ. ಮೂರನೇ ದಿನಕ್ಕೂ ನೋವು ಏರುತ್ತಲೇ ಇದ್ದರೆ ಅಥವಾ ಬಿಲಿರುಬಿನ್ ಹೆಚ್ಚಿದರೆ ಪಿತ್ತರಸ ಸೋರುತ್ತಿದೆಯೇ, ನಾಳಕ್ಕೆ ಪೆಟ್ಟಾಗಿದೆಯೇ ಎಂದು ಸ್ಕ್ಯಾನ್ ಮಾಡಿಸಿ.