ಸಂಜೆ ನಾಲ್ಕಕ್ಕೆ ರೆಫರಿ ಯಾಕೆ ಸಿಗುವುದಿಲ್ಲ? ಅಮೆರಿಕದ ಹೈಸ್ಕೂಲ್ ಸಾಕರ್ ಬಗ್ಗೆ ಪ್ರಶ್ನೋತ್ತರ

ಅಮೆರಿಕದಲ್ಲಿರುವ ಕನ್ನಡ ಪೋಷಕರ ಗುಂಪಿನಲ್ಲಿ ಈ ವಾರ ಬಂದ ಪ್ರಶ್ನೆಗಳು ಇವು. ಉತ್ತರ ಕೊಟ್ಟಿರುವವರು ಹೈಸ್ಕೂಲ್ ಪಂದ್ಯಗಳಿಗೆ ರೆಫರಿಗಳನ್ನು ಹಂಚುವ ಅಸೈನರ್.

ಪ್ರಶ್ನೆ (ನ್ಯೂಜೆರ್ಸಿ): ನಮಸ್ಕಾರ ಸರ್. ಮಗಳು ಶಾಲೆಯ ಜೆವಿ (ಎರಡನೇ ಹಂತದ) ತಂಡದಲ್ಲಿ ಆಡುತ್ತಾಳೆ. ರೆಫರಿ ಇಲ್ಲ ಅಂತ ಎರಡು ಪಂದ್ಯ ಮುಂದಕ್ಕೆ ಹೋಗಿವೆ. ಶನಿವಾರ, ಭಾನುವಾರ ಕ್ಲಬ್ ಪಂದ್ಯಕ್ಕೆ ಹೋದರೆ ಪ್ರತಿ ಮೈದಾನದಲ್ಲೂ ಮೂವರು ನಿಂತಿರುತ್ತಾರೆ. ಶಾಲೆಗೆ ಮಾತ್ರ ಯಾಕೆ ಈ ಬರ?

ಉತ್ತರ: ನಮಸ್ಕಾರ. ವಾರಾಂತ್ಯದಲ್ಲಿ ನೀವು ನೋಡುವವರಲ್ಲಿ ಬಹಳಷ್ಟು ಮಂದಿ ದೇಶದ ಸಾಕರ್ ಆಡಳಿತ ಸಂಸ್ಥೆಯಾದ ಯುಎಸ್ ಸಾಕರ್‌ನ ಗ್ರಾಸ್‌ರೂಟ್ಸ್ ಲೈಸೆನ್ಸ್ (ಆರಂಭಿಕ ಹಂತದ ಪರವಾನಗಿ) ಇರುವ ಮಕ್ಕಳು, 13ರಿಂದ 17ರೊಳಗಿನವರು. ಮಂಗಳವಾರ ಸಂಜೆ ನಾಲ್ಕಕ್ಕೆ ಅವರೇ ತಮ್ಮ ಶಾಲೆಯ ಜೆರ್ಸಿ ಹಾಕಿಕೊಂಡು ಆಡುತ್ತಿರುತ್ತಾರೆ. ಜೊತೆಗೆ ವರ್ಸಿಟಿ (ಶಾಲೆಯ ಮುಖ್ಯ ತಂಡದ) ಪಂದ್ಯಕ್ಕೆ ಹಲವು ರಾಜ್ಯಗಳಲ್ಲಿ 18 ತುಂಬಿರಬೇಕು. ದೊಡ್ಡವರೋ, ಆ ಹೊತ್ತಿಗೆ ಆಫೀಸಿನಲ್ಲಿರುತ್ತಾರೆ. ಉಳಿಯುವವರು ನಿವೃತ್ತರು, ಸ್ವಂತ ಕೆಲಸ ಮಾಡುವವರು, ರಾತ್ರಿ ಪಾಳಿಯವರು, ಬೇಗ ಬಿಡುವು ಸಿಗುವ ಶಿಕ್ಷಕರು. ಐವತ್ತು ದಾಟಿದ ರೆಫರಿಗಳೇ ಹೆಚ್ಚಾಗಿ ಕಾಣುವುದು ಇದಕ್ಕೇ.

ಸಂಖ್ಯೆ ಕುಗ್ಗಿದ್ದೂ ನಿಜ. ರಾಜ್ಯಗಳ ಹೈಸ್ಕೂಲ್ ಕ್ರೀಡಾ ಸಂಸ್ಥೆಗಳ ಒಕ್ಕೂಟವಾದ ಎನ್‌ಎಫ್‌ಎಚ್‌ಎಸ್ ಹೇಳಿದಂತೆ, 2018–19ರ ನಂತರದ ಕೆಲವೇ ವರ್ಷಗಳಲ್ಲಿ ಎಲ್ಲ ಆಟಗಳೂ ಸೇರಿ ಸುಮಾರು 50,000 ತೀರ್ಪುಗಾರರು ಬಿಟ್ಟುಹೋದರು. ಆದರೆ ಇರುವಷ್ಟು ಜನರನ್ನೂ ವೇಳಾಪಟ್ಟಿ ಸರಿಯಾಗಿ ಬಳಸಿಕೊಳ್ಳುತ್ತಿಲ್ಲ. ನನ್ನ ದೊಡ್ಡ ದೂರು ಇದೇ.

ಲೆಕ್ಕ ನೋಡಿ. ಹತ್ತು ಶಾಲೆಗಳ ಒಂದು ಕಾನ್ಫರೆನ್ಸ್ (ತಮ್ಮತಮ್ಮಲ್ಲಿ ಆಡುವ ಶಾಲೆಗಳ ಗುಂಪು). ನ್ಯೂಜೆರ್ಸಿಯಲ್ಲಿ ಹುಡುಗರದ್ದೂ ಹುಡುಗಿಯರದ್ದೂ ಶರತ್ಕಾಲದಲ್ಲೇ. ಒಂದು ಸುತ್ತಿಗೆ ಹುಡುಗರ ವರ್ಸಿಟಿ 5, ಜೆವಿ 5, ಹುಡುಗಿಯರದ್ದೂ ಅಷ್ಟೇ. ಒಟ್ಟು 20 ಪಂದ್ಯ. ವರ್ಸಿಟಿಗೆ ಮೂವರು, ಜೆವಿಗೆ ಇಬ್ಬರು ಅಂದರೆ 50 ಜನ ಬೇಕು. ಎಲ್ಲವನ್ನೂ ಮಂಗಳವಾರ ನಾಲ್ಕಕ್ಕೇ ಇಟ್ಟರೆ ಅಸೈನರ್ ಎಲ್ಲಿಂದ ತರಬೇಕು? ಬುಧವಾರ ಅದೇ ಜನ ಮನೆಯಲ್ಲಿ ಖಾಲಿ ಕೂತಿರುತ್ತಾರೆ.

ಅದೇ ಪಂದ್ಯಗಳನ್ನು ಹೀಗೆ ಹೊಂದಿಸಿ: ಜೆವಿ ಮುಗಿದ ಮೇಲೆ ಅದೇ ಮೈದಾನದಲ್ಲಿ ವರ್ಸಿಟಿ, ಎರಡಕ್ಕೂ ಅದೇ ಮೂವರು. ಆಗ ಹತ್ತು ಮೈದಾನಕ್ಕೆ 30 ಜನ ಸಾಕು. ಹುಡುಗಿಯರದ್ದು ಸೋಮವಾರ-ಬುಧವಾರ, ಹುಡುಗರದ್ದು ಮಂಗಳವಾರ-ಗುರುವಾರ ಮಾಡಿದರೆ ದಿನಕ್ಕೆ 15 ಜನ. ಐವತ್ತು ಎಲ್ಲಿ, ಹದಿನೈದು ಎಲ್ಲಿ! ಕಾಸು ಹೆಚ್ಚಿಸದೆ ಆಗುವ ಕೆಲಸ ಇದು.

ಅದೇ ಸಾಲಿನಲ್ಲಿ ಪ್ರಶ್ನೆ (ಮ್ಯಾಸಚೂಸೆಟ್ಸ್): ಹಾಗಾದರೆ ಎಲ್ಲ ಶಾಲೆಗಳೂ ಯಾಕೆ ಹಾಗೆ ಮಾಡುವುದಿಲ್ಲ?

ಉತ್ತರ: ಬೆಳಕು. ಹೈಸ್ಕೂಲ್ ಪಂದ್ಯ 40 ನಿಮಿಷದ ಎರಡು ಅವಧಿ, ನಡುವೆ 10 ನಿಮಿಷ ವಿರಾಮ. ಗೋಲು ಬಿದ್ದಾಗ, ಕಾರ್ಡ್ ತೋರಿಸಿದಾಗ, ಪೆನಾಲ್ಟಿ ಕೊಟ್ಟಾಗ ಗಡಿಯಾರ ನಿಲ್ಲುತ್ತದೆ. ಹಾಗಾಗಿ ಒಂದು ಪಂದ್ಯಕ್ಕೆ 100 ನಿಮಿಷ ಹಿಡಿಯಿರಿ. ನಾಲ್ಕಕ್ಕೆ ಶುರುವಾದ ಜೆವಿ ಮುಗಿಯುವಾಗ 5:40. ಇಪ್ಪತ್ತು ನಿಮಿಷ ವಾರ್ಮಪ್ ಬಿಟ್ಟರೆ ವರ್ಸಿಟಿ 6ಕ್ಕೆ ಶುರು, 7:40ಕ್ಕೆ ಮುಕ್ತಾಯ. ನಿಮ್ಮಲ್ಲಿ ಅಕ್ಟೋಬರ್ ಕೊನೆಗೆ ಆರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ನವೆಂಬರಿನ ಮೊದಲ ಭಾನುವಾರ ಗಡಿಯಾರ ಬೇರೆ ಹಿಂದಕ್ಕೆ ಹೋಗುತ್ತದೆ. ದೀಪ ಇರುವ ಟರ್ಫ್ ಮೈದಾನ ಬಹಳಷ್ಟು ಶಾಲೆಗಳಲ್ಲಿ ಒಂದೇ, ಅದರ ಮೇಲೆ ಅಮೆರಿಕನ್ ಫುಟ್‌ಬಾಲ್‌ನವರ ಹಕ್ಕು ಮೊದಲು. ಆದ್ದರಿಂದ ದೀಪದ ಮೈದಾನದ ಸರದಿಯನ್ನು ಶಾಲೆಗಳ ಕ್ರೀಡೆ ನೋಡಿಕೊಳ್ಳುವ ಅಥ್ಲೆಟಿಕ್ ಡೈರೆಕ್ಟರ್‌ಗಳು ಮೇ, ಜೂನ್‌ನಲ್ಲೇ ಕೂತು ಹಂಚಿಕೊಳ್ಳಬೇಕು. ಆಗಸ್ಟ್‌ಗೆ ಬಂದರೆ ಬಸ್ಸಿನ ಪಟ್ಟಿ ಗಟ್ಟಿಯಾಗಿರುತ್ತದೆ, ಯಾರೂ ಅಲುಗಾಡುವುದಿಲ್ಲ.

ಪ್ರಶ್ನೆ (ಇಲಿನಾಯ್): ಫೀಸ್ ಹೆಚ್ಚಿಸಿದರೆ ಜನ ಬರುವುದಿಲ್ಲವೇ?

ಉತ್ತರ: ಬರುತ್ತಾರೆ, ಆದರೆ ಫೀಸ್ ಎಂಬ ಅಂಕಿ ಮೋಸ ಮಾಡುತ್ತದೆ. ರಾಜ್ಯ, ಮಟ್ಟ ನೋಡಿಕೊಂಡು ವರ್ಸಿಟಿಗೆ 60ರಿಂದ 100 ಡಾಲರ್ ಆಸುಪಾಸು ಕೊಡುವ ಕಡೆ ಹಲವು. 80 ಡಾಲರ್ ಅಂದುಕೊಳ್ಳಿ. ಹೋಗಲು ಅರ್ಧ ಗಂಟೆ, ಅರ್ಧ ಗಂಟೆ ಮುಂಚೆ ಮೈದಾನದಲ್ಲಿರಬೇಕು, ಪಂದ್ಯ 100 ನಿಮಿಷ, ಬರಲು ಅರ್ಧ ಗಂಟೆ: ಒಟ್ಟು 3 ಗಂಟೆ 10 ನಿಮಿಷ. ಹೋಗಿಬರುವ 40 ಮೈಲಿಗೆ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ 2025ರ ದರ ಮೈಲಿಗೆ 70 ಸೆಂಟ್‌ನಂತೆ 28 ಡಾಲರ್ ಕಾರಿಗೇ ಹೋಯಿತು. ಕೈಗೆ ಉಳಿದದ್ದು 52, ಗಂಟೆಗೆ ಸುಮಾರು 16. ಇದರಲ್ಲಿ ಇನ್ನೂ ತೆರಿಗೆ ಕಳೆದಿಲ್ಲ.

ಅದೇ ಸಂಜೆ ಮೊದಲು 60 ಡಾಲರಿನ ಜೆವಿಯೂ ಸಿಕ್ಕಿತು ಅನ್ನಿ. ಒಟ್ಟು 140, ಕಾರಿನ ಖರ್ಚು ಅದೇ 28, ಸಮಯ 5 ಗಂಟೆ 10 ನಿಮಿಷ. ಗಂಟೆಗೆ ಸುಮಾರು 21 ಡಾಲರ್ 70 ಸೆಂಟ್. ಒಂದೇ ಪಂದ್ಯದಲ್ಲಿ ಅಷ್ಟು ಗಿಟ್ಟಬೇಕಾದರೆ ಫೀಸ್ 97ಕ್ಕೆ ಏರಬೇಕು. ಬೆನ್ನಿಗೆ ಬೆನ್ನು ಎರಡು ಪಂದ್ಯ ಇಡುವುದೇ 17 ಡಾಲರ್ ಏರಿಕೆಗೆ ಸಮ. ಶಾಲಾ ಮಂಡಳಿಯ ಸಭೆಯಲ್ಲಿ ಈ ಲೆಕ್ಕವನ್ನೇ ಇಡಿ.

ಫೀಸಿಗಿಂತ ಹೆಚ್ಚು ಸಿಟ್ಟು ಬರಿಸುವುದು ಹಣ ತಡವಾಗುವುದು. ಆರ್ಬಿಟರ್‌ನಂಥ ಆನ್‌ಲೈನ್ ಪಾವತಿ ವ್ಯವಸ್ಥೆಯಲ್ಲಿ ಮುಂಚೆಯೇ ದುಡ್ಡು ತುಂಬಿಟ್ಟ ಶಾಲೆಗಳು ಪಂದ್ಯ ಮುಗಿದ ಕೆಲವೇ ದಿನಕ್ಕೆ ಪಾವತಿಸುತ್ತವೆ. ಕಾಗದದ ವೋಚರ್, ಚೆಕ್ ಅಂತ ತಿಂಗಳು ಎಳೆಯುವ ಶಾಲೆಯ ಪಂದ್ಯವನ್ನು ಜನ ಒಪ್ಪಿಕೊಳ್ಳುವುದೇ ಇಲ್ಲ. ಗುಡುಗಿನದ್ದೂ ಒಂದು ತಕರಾರು: ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಾಯಬೇಕೆಂಬುದು ನಿಯಮ. ಎರಡು ಸಲ ಕಾದು ಪಂದ್ಯ ರದ್ದಾದರೆ ಎಷ್ಟು ಕೊಡುತ್ತೀರಿ ಎಂಬುದು ಒಪ್ಪಂದದಲ್ಲಿ ಮೊದಲೇ ಇರಬೇಕು.

ಪ್ರಶ್ನೆ (ನಾರ್ತ್ ಕೆರೊಲಿನಾ): ಇಲ್ಲಿ ಕೆಲವೊಮ್ಮೆ ಇಬ್ಬರೇ ಬರುತ್ತಾರೆ, ಇಬ್ಬರ ಕೈಯಲ್ಲೂ ಸೀಟಿ. ಇದು ಸರಿಯೇ?

ಉತ್ತರ: ಸರಿಯೇ. ಯುಎಸ್ ಸಾಕರ್ ಅಡಿಯ ಕ್ಲಬ್ ಆಟದಲ್ಲಿ ಇಬ್ಬರ ಸೀಟಿಗೆ ಅವಕಾಶವಿಲ್ಲ, ಎನ್‌ಎಫ್‌ಎಚ್‌ಎಸ್ ನಿಯಮದಲ್ಲಿ ಇದೆ. ಎಡವುವುದು ಆಫ್‌ಸೈಡಿನಲ್ಲಿ. ಉದ್ದ ಪಾಸ್ ಬಂದಾಗ ರೆಫರಿ ಡಿಫೆಂಡರ್ ಸಾಲಿಗೆ ಸರಿಯಾಗಿ ನಿಂತಿರಬೇಕು, ಅದೇ ಕ್ಷಣ ಚೆಂಡಿನ ಹತ್ತಿರದ ತಳ್ಳಾಟವನ್ನೂ ನೋಡಬೇಕು. ಎರಡೂ ಆಗದು. ನಿಧಾನದ ಜೆವಿ ಆಟಕ್ಕೆ ಇಬ್ಬರು ಸಾಕು. ವೇಗದ ವರ್ಸಿಟಿಗೆ ಮೂವರೇ ಬೇಕು.

ಪ್ರಶ್ನೆ (ನ್ಯೂಯಾರ್ಕ್): ಹುಡುಗಿಯರ ಸೀಸನ್ನನ್ನು ವಸಂತಕ್ಕೆ ಹಾಕಿಬಿಟ್ಟರೆ ಒತ್ತಡ ಅರ್ಧ ಇಳಿಯುತ್ತದಲ್ಲ?

ಉತ್ತರ: ಇಲಿನಾಯ್, ಮಿಶಿಗನ್, ನಾರ್ತ್ ಕೆರೊಲಿನಾಗಳಲ್ಲಿ ಹುಡುಗರು ಶರತ್ಕಾಲದಲ್ಲಿ, ಹುಡುಗಿಯರು ವಸಂತದಲ್ಲಿ ಆಡುತ್ತಾರೆ. ವಾಷಿಂಗ್ಟನ್ ರಾಜ್ಯದಲ್ಲಿ ಇದರ ತದ್ವಿರುದ್ಧ. ಇಲ್ಲೆಲ್ಲ ಅದೇ ರೆಫರಿಗಳಿಗೆ ಎರಡು ಸೀಸನ್ ಕೆಲಸ. ಆದರೆ ನಿಮ್ಮ ರಾಜ್ಯದಲ್ಲಿ ಶಾಲೆಯೊಂದು ತಾನಾಗಿ ಹಾಗೆ ಮಾಡುವಂತಿಲ್ಲ. ನಿಮ್ಮದೇ ರಾಜ್ಯದ ಮಮಾರೊನೆಕ್ ಮತ್ತು ಪೆಲ್ಹಮ್ ಶಾಲಾ ಜಿಲ್ಲೆಗಳು ಹುಡುಗಿಯರ ಸಾಕರ್ ಅನ್ನು ವಸಂತದಲ್ಲಿ ನಡೆಸುತ್ತಿದ್ದವು. ರಾಜ್ಯ ಚಾಂಪಿಯನ್‌ಶಿಪ್ ನಡೆಯುವುದು ಶರತ್ಕಾಲದಲ್ಲಿ, ಹಾಗಾಗಿ ಹುಡುಗಿಯರಿಗೆ ಆ ಅವಕಾಶವೇ ಇರಲಿಲ್ಲ. ಇದು ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸುವ ಟೈಟಲ್ ನೈನ್ ಕಾನೂನಿನ ಉಲ್ಲಂಘನೆ ಎಂದು 2004ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ರೆಫರಿ ಕೊರತೆಯ ಭಾರವನ್ನು ಹುಡುಗಿಯರ ಹೆಗಲಿಗೆ ಹಾಕುವುದು ನನಗೂ ಒಪ್ಪಿಗೆಯಿಲ್ಲ. ದಿನ ಬದಲಿಸಿ, ಸೀಸನ್ ಬೇಡ.

ಪ್ರಶ್ನೆ (ಟೆಕ್ಸಸ್): ನಾನು ಎಚ್-1ಬಿ ವೀಸಾದಲ್ಲಿದ್ದೇನೆ, ವರ್ಕ್ ಫ್ರಮ್ ಹೋಮ್. ಸಂಜೆ ರೆಫರಿ ಆಗಬಹುದೇ? 15 ವರ್ಷದ ಮಗನಿಗೂ ಆಸೆ, ಅವನು ಎಚ್-4 (ಅವಲಂಬಿತರ ವೀಸಾ).

ಉತ್ತರ: ದಯವಿಟ್ಟು ಹಣ ಪಡೆದು ಮಾಡಬೇಡಿ, ಇಬ್ಬರೂ. ರೆಫರಿ ಶಾಲೆಯ ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ. ಎಚ್-1ಬಿ ನಿಮ್ಮನ್ನು ಕರೆಸಿಕೊಂಡ ಕಂಪನಿಯ ಕೆಲಸಕ್ಕೆ ಮಾತ್ರ. ಎಚ್-4 ಮಕ್ಕಳಿಗೆ ಕೆಲಸದ ಪರವಾನಗಿಯೇ ಇಲ್ಲ. ಇಎಡಿ (ಕೆಲಸದ ಪರವಾನಗಿ ಪತ್ರ) ಸಿಗುವುದು ಪತಿ ಅಥವಾ ಪತ್ನಿಗೆ, ಅದೂ ಸಾಮಾನ್ಯವಾಗಿ ಐ-140 (ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ. ಎಲ್ಲರೂ ಸಂಭಾವನೆ ಪಡೆಯುವ ಕೆಲಸವನ್ನು ನೀವು ಬಿಟ್ಟಿ ಮಾಡಿದರೂ ತೊಡಕಾಗಬಹುದು, ವಲಸೆ ವಕೀಲರನ್ನು ಕೇಳದೆ ಕಾಲಿಡಬೇಡಿ. 40 ಡಾಲರಿಗೆ ಗ್ರೀನ್ ಕಾರ್ಡ್ ದಾರಿ ಕೆಡಿಸಿಕೊಳ್ಳುವುದು ಬೇಡ. ಎಫ್-1 ವೀಸಾದಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ದಾರಿ ಇದೆ: ತಮ್ಮದೇ ವಿಶ್ವವಿದ್ಯಾಲಯದ ಇಂಟ್ರಾಮ್ಯೂರಲ್ (ಒಳಗಿನವರೇ ಆಡುವ) ಪಂದ್ಯಗಳ ರೆಫರಿ ಕೆಲಸ ಕ್ಯಾಂಪಸ್ ಕೆಲಸವೇ, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಯವರೆಗೆ ಮಾಡಬಹುದು.

ಪ್ರಶ್ನೆ (ಓಹಾಯೊ): ನಾನು ಗ್ರೀನ್ ಕಾರ್ಡ್‌ನಲ್ಲಿದ್ದೇನೆ. ಶುರು ಮಾಡುವುದು ಹೇಗೆ? ತೆರಿಗೆ ಹೇಗೆ?

ಉತ್ತರ: ಶುಭವಾಗಲಿ. ರಾಜ್ಯದ ಹೈಸ್ಕೂಲ್ ಕ್ರೀಡಾ ಸಂಸ್ಥೆಯ ಜಾಲತಾಣದಲ್ಲಿ ಸಾಕರ್ ರೆಫರಿಯಾಗಿ ನೋಂದಾಯಿಸಿ, ತರಗತಿ ಮುಗಿಸಿ, ಪರೀಕ್ಷೆ ಬರೆಯಿರಿ. ಕ್ಲಬ್ ಲೈಸೆನ್ಸ್ ಇದ್ದರೂ ಇದು ಬೇರೆಯೇ. ಆಮೇಲೆ ಸ್ಥಳೀಯ ಅಸೈನರ್‌ಗೆ ನಿಮ್ಮ ಖಾಲಿ ದಿನ ಮತ್ತು ಎಷ್ಟು ಹೊತ್ತಿಗೆ ಮೈದಾನ ತಲುಪಬಲ್ಲಿರಿ ಎಂಬುದನ್ನು ನಿಖರವಾಗಿ ಬರೆಯಿರಿ. "ಸಂಜೆ ಬರುತ್ತೇನೆ" ಅಂದರೆ ಉಪಯೋಗವಿಲ್ಲ, "ಮಂಗಳವಾರ 4:45ಕ್ಕೆ" ಅನ್ನಿ. ಮೊದಲ ವರ್ಷ ಮಿಡಲ್ ಸ್ಕೂಲ್ ಮತ್ತು ಜೆವಿಗಷ್ಟೇ ಒಪ್ಪಿಕೊಳ್ಳಿ, ಅನುಭವಿಗಳ ಜೊತೆಗೇ ಹಾಕಿ ಅಂತ ಕೇಳಿ. ಎರಡು ವರ್ಷದೊಳಗೆ ಎಳೆಯ ರೆಫರಿಗಳಲ್ಲಿ ಶೇ 80 ಮಂದಿ ಬಿಡುತ್ತಾರೆ ಎಂದು ಎನ್‌ಎಫ್‌ಎಚ್‌ಎಸ್ 2019ರಲ್ಲಿ ಪೋಷಕರಿಗೆ ಬರೆದ ಬಹಿರಂಗ ಪತ್ರದಲ್ಲಿತ್ತು. ಬಿಟ್ಟ ಕಾರಣಗಳಲ್ಲಿ ಮೊದಲನೆಯದು ದೊಡ್ಡವರ ಬೈಗುಳ. ಒಂಟಿಯಾಗಿ ಕಳಿಸಿದ ಹೊಸಬರು ಬೇಗ ಮುರಿದು ಬೀಳುತ್ತಾರೆ.

ತೆರಿಗೆ: ಖರ್ಚು ಕಳೆದು ವರ್ಷಕ್ಕೆ 400 ಡಾಲರ್ ಮುಟ್ಟಿದರೆ ಆದಾಯ ತೆರಿಗೆಯ ಮೇಲೆ ಸ್ವಯಂ ಉದ್ಯೋಗ ತೆರಿಗೆ ಶೇ 15.3 ಸೇರುತ್ತದೆ. 1099 ಫಾರ್ಮ್ (ಹಣ ಕೊಟ್ಟವರು ಕಳಿಸುವ ಆದಾಯದ ದಾಖಲೆ) ಬರಲಿಲ್ಲವೆಂದು ಆದಾಯ ಬಿಡುವಂತಿಲ್ಲ. 2026ರ ಪಾವತಿಗಳಿಂದ ಆ ಫಾರ್ಮಿನ ಮಿತಿ 600ರಿಂದ 2,000 ಡಾಲರಿಗೆ ಏರಿರುವುದರಿಂದ ಬಹಳ ಜನರಿಗೆ ಫಾರ್ಮ್ ಬರುವುದೇ ಇಲ್ಲ. ಜೆರ್ಸಿ, ಬೂಟು, ನೋಂದಣಿ ಶುಲ್ಕದ ರಸೀದಿ ಇಟ್ಟುಕೊಳ್ಳಿ. ಮೈಲಿ ಲೆಕ್ಕವನ್ನು ಅದೇ ದಿನ ಬರೆದಿಡಿ, ಏಪ್ರಿಲ್‌ನಲ್ಲಿ ನೆನಪಿಗೆ ಬಾರದು.