ಚೋಕ್ ತೆಗೆದರೆ ಬೈಕ್ ಆಫ್ ಆಗುತ್ತೆ, ಸ್ಲೋ ನಿಲ್ತಾನೇ ಇಲ್ಲ

ಮಲೆನಾಡ ಸವಾರ:
2011ರ ಮಾಡೆಲ್, 100 ಸಿಸಿ, ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಇರುವ ಬೈಕ್. ಮಳೆಗಾಲದಲ್ಲಿ ಎರಡು ತಿಂಗಳು ನಿಂತಿತ್ತು. ಈಗ ಚೋಕ್ ಹಾಕಿದರೆ ಒಂದೇ ಕಿಕ್‌ಗೆ ಸ್ಟಾರ್ಟ್, ತೆಗೆದರೆ ನಾಲ್ಕೈದು ಸೆಕೆಂಡಿನಲ್ಲಿ ಆಫ್. 50ರಲ್ಲಿ ಓಡಿಸುವಾಗ ಯಾವ ತೊಂದರೆಯೂ ಇಲ್ಲ. ಪ್ಲಗ್, ಏರ್ ಫಿಲ್ಟರ್ ಎರಡೂ ಹೊಸದು. ಸ್ಲೋ ಸ್ಕ್ರೂ (ಆಕ್ಸಿಲರೇಟರ್ ಬಿಟ್ಟಾಗಿನ ಇಂಜಿನ್ ವೇಗ ಹೊಂದಿಸುವ ಸ್ಕ್ರೂ) ತಿರುಗಿಸಿ ರೇಸ್ ಏರಿಸಿಟ್ಟರೆ ನಿಲ್ಲುತ್ತೆ, ಆದರೆ ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟ ಮೇಲೂ ಇಂಜಿನ್ ಕೂಗ್ತಾನೇ ಇರುತ್ತೆ, ಆಮೇಲೆ ನಿಧಾನಕ್ಕೆ ಇಳಿಯುತ್ತೆ. ಕಾರ್ಬುರೇಟರ್ ಪೂರ್ತಿ ಬದಲಿಸಿ ಅಂತಿದ್ದಾರೆ. ಬೇಕಾ?

ಹಳೇ ಸ್ಪ್ಯಾನರ್:
ಈಗಲೇ ಬದಲಿಸಬೇಡಿ ಸರ್. ನೀವು ಹೇಳಿದ ಲಕ್ಷಣ ಸ್ಲೋ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು) ಕಟ್ಟಿಕೊಂಡಿದೆ ಅಂತಲೇ ಹೇಳುತ್ತೆ.

ಆಕ್ಸಿಲರೇಟರ್ ಬಿಟ್ಟಾಗ ಕಾರ್ಬುರೇಟರ್ ಒಳಗಿನ ಸ್ಲೈಡ್ (ಗಾಳಿಯ ದಾರಿ ತೆರೆದು ಮುಚ್ಚುವ ಭಾಗ) ಹೆಚ್ಚುಕಡಿಮೆ ಪೂರ್ತಿ ಇಳಿದಿರುತ್ತೆ. ಆಗ ಮೇನ್ ಜೆಟ್‌ನಿಂದ ಪೆಟ್ರೋಲ್ ಬರಲ್ಲ, ಬರೋದೆಲ್ಲ ಸ್ಲೋ ಜೆಟ್‌ನಿಂದ. ಅದರ ತೂತು ಮಿಲಿಮೀಟರಿನ ಅರ್ಧದಷ್ಟೂ ಇರಲ್ಲ. ಎರಡು ತಿಂಗಳು ನಿಂತ ಬೈಕ್‌ನಲ್ಲಿ ಪೆಟ್ರೋಲ್ ಆವಿಯಾಗಿ ಉಳಿದ ಅಂಟು ಮೊದಲು ಮುಚ್ಚೋದು ಅದನ್ನೇ. ಚೋಕ್ ಹಾಕಿದಾಗ ಗಾಳಿ ಕಟ್ ಆಗಿ ಮೇನ್ ಕಡೆಯಿಂದಲೂ ಪೆಟ್ರೋಲ್ ಎಳೆಯುತ್ತೆ, ಅದಕ್ಕೇ ಓಡುತ್ತೆ. 50ರಲ್ಲಿ ಚೆನ್ನಾಗಿರೋದೂ ಅದಕ್ಕೇ. ನೀವು ಸ್ಲೋ ಸ್ಕ್ರೂ ಏರಿಸಿದಾಗ ಸ್ಲೈಡ್ ಮೇಲೆದ್ದು ಅದರ ಜೊತೆಗಿರುವ ಸೂಜಿಯ ಕಡೆಯ ಪೆಟ್ರೋಲ್‌ನಲ್ಲಿ ಇಂಜಿನ್ ನಿಂತಿದೆ ಅಷ್ಟೇ, ಕಾಯಿಲೆ ಹಾಗೇ ಇದೆ.

ಪೆಟ್ರೋಲ್ ಕಾಕ್ ಆಫ್ ಮಾಡಿ, ಫ್ಲೋಟ್ ಬೌಲ್‌ನ (ಕಾರ್ಬುರೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಡ್ರೈನ್ ಸ್ಕ್ರೂ ಸಡಿಲಿಸಿ ಒಳಗಿನ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಇಳಿಸಿ. ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತೆ, ಅದು ತೇವ ಎಳೆದುಕೊಳ್ಳುತ್ತೆ, ನೀರು ಜಾಸ್ತಿ ಆದಾಗ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರ್ಪಟ್ಟು ಕೆಳಗೆ ಕೂರುತ್ತೆ. ಹಾಗಿದ್ದರೆ ಟ್ಯಾಂಕನ್ನೂ ಖಾಲಿ ಮಾಡಬೇಕು.

ಬೌಲ್ ಬಿಚ್ಚಿದರೆ ನಡುವೆ ದೊಡ್ಡದು ಮೇನ್ ಜೆಟ್, ಪಕ್ಕದ ಗುಳಿಯಲ್ಲಿ ಸಣ್ಣದು ಸ್ಲೋ ಜೆಟ್. ಹಿತ್ತಾಳೆ ಮೆತ್ತಗಿರುತ್ತೆ, ಸ್ಕ್ರೂಡ್ರೈವರ್ ತುದಿ ಜೆಟ್ ತಲೆಯ ಸೀಳಿಗೆ ಸರಿಯಾಗಿ ಕೂರದಿದ್ದರೆ ತಲೆ ಕಿತ್ತುಹೋಗುತ್ತೆ. ತೆಗೆದ ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿ: ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿ ದುಂಡಗೆ ಕಾಣಬೇಕು. ಅರ್ಧಚಂದ್ರದ ಹಾಗೆ ಕಂಡರೂ ಕಟ್ಟಿದೆ ಅಂತಲೇ ಅರ್ಥ. ಕಾರ್ಬ್ ಕ್ಲೀನರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ. ಪಿನ್ನು, ಸ್ಟೀಲ್ ತಂತಿ ದಯವಿಟ್ಟು ಬೇಡ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಮಿಕ್ಸ್ಚರ್ (ಪೆಟ್ರೋಲ್-ಗಾಳಿಯ ಪ್ರಮಾಣ) ಶಾಶ್ವತವಾಗಿ ಕೆಡುತ್ತೆ. ಜೆಟ್ ಕೂರುವ ದಾರಿಗೂ, ಮಿಕ್ಸ್ಚರ್ ಸ್ಕ್ರೂ ತೂತಿಗೂ ಸ್ಪ್ರೇ ಹೊಡೆದು ಇನ್ನೊಂದು ಕಡೆ ಹೊರಬರುತ್ತಾ ನೋಡಿ. ಬಹಳ ಜನ ಜೆಟ್ ಮಾತ್ರ ತೊಳೆದು ಈ ದಾರಿಯನ್ನು ಮರೆತುಬಿಡುತ್ತಾರೆ.

ಗ್ಯಾಸ್ಕೆಟ್:
ಜೆಟ್ ವಿಷಯ ಒಪ್ಪುತ್ತೀನಿ, ಆದರೆ "ನಿಧಾನಕ್ಕೆ ಇಳಿಯುತ್ತೆ" ಅನ್ನೋ ಮಾತನ್ನ ಬಿಡಬಾರದು. ಅದು ಏರ್ ಲೀಕ್ (ಸಂದಿಯಿಂದ ಹೊರಗಿನ ಗಾಳಿ ಒಳಗೆ ಸೇರುವುದು) ಗುರುತು. ಕಾರ್ಬುರೇಟರ್ ಬಿಚ್ಚೋ ಮುಂಚೆ ಇದನ್ನು ನೋಡಿ, ಬಿಚ್ಚಿ ಹಾಕಿದ ಮೇಲೆ ಮೊದಲೇ ಲೀಕ್ ಇತ್ತಾ, ಆಮೇಲೆ ಬಂತಾ ಗೊತ್ತಾಗಲ್ಲ.

ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಕಾಯುವ ಮುಂಚೆಯೇ ಕಾರ್ಬುರೇಟರ್ ಮತ್ತು ಇಂಜಿನ್ ಮಧ್ಯದ ಮ್ಯಾನಿಫೋಲ್ಡ್ ಸಂದಿಗೆ ಕಾರ್ಬ್ ಕ್ಲೀನರ್ ಒಂದು ಚಿಟಿಕೆ ಹೊಡೆಯಿರಿ. ಇಂಜಿನ್ ಸದ್ದು ಬದಲಾಯಿತು ಅಂದರೆ ಅಲ್ಲಿಂದಲೇ ಗಾಳಿ ಎಳೀತಿದೆ. ಆ ಸ್ಪ್ರೇಗೆ ಬೆಂಕಿ ಬೇಗ ಹತ್ತುತ್ತೆ, ಬಯಲಲ್ಲೇ ಮಾಡಿ, ಪ್ಲಗ್ ಕ್ಯಾಪ್ ಕಡೆ ಹೊಡೀಬೇಡಿ. ಆ ಸಂದಿಯ ಒಳಗಿನ ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಬಳೆ) ಚಪ್ಪಟೆಯಾಗಿ ತಾನು ಕೂರುವ ತೋಡಿನ ಮಟ್ಟಕ್ಕೆ ಇಳಿದಿದ್ದರೆ ಬದಲಿಸಿ. ಎರಡೂ ಬೋಲ್ಟ್ ಸ್ವಲ್ಪ ಸ್ವಲ್ಪವೇ ಸಮವಾಗಿ ಬಿಗಿ ಮಾಡಿ. ಒಂದೇ ಕಡೆ ಎಳೆದರೆ ಪಟ್ಟಿ ಬಾಗಿ ಮತ್ತೆ ಲೀಕ್.

ಹೊಸ ಪ್ಲಗ್ಗನ್ನೂ ಒಮ್ಮೆ ತೆಗೆದು ನೋಡಿ. ತುದಿ ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ.

ಮಲೆನಾಡ ಸವಾರ:
ಎರಡೂ ಸಿಕ್ಕಿತು. ಸ್ಪ್ರೇ ಹೊಡೆದಾಗ ಸದ್ದು ಬದಲಾಯಿತು, ಓ-ರಿಂಗ್ ಚಪ್ಪಟೆ. ಜೆಟ್‌ನಲ್ಲಿ ಬೆಳಕೇ ಕಾಣಲಿಲ್ಲ. ರಿಂಗ್ ಹೊಸದು ಹಾಕಿ, ಜೆಟ್ ತೊಳೆದೆ. ಈಗ ಚೋಕ್ ಇಲ್ಲದೆ ನಿಲ್ಲುತ್ತೆ. ಮಿಕ್ಸ್ಚರ್ ಸ್ಕ್ರೂ ಎಷ್ಟು ಸುತ್ತು ಇಡಲಿ?

ಹಳೇ ಸ್ಪ್ಯಾನರ್:
ಮೊದಲು ಅದು ಎಲ್ಲಿದೆ ನೋಡಿ. ಸ್ಲೈಡ್‌ಗಿಂತ ಏರ್ ಫಿಲ್ಟರ್ ಕಡೆ ಇದ್ದರೆ ಏರ್ ಸ್ಕ್ರೂ, ಒಳಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿಯಾಗುತ್ತೆ. ಇಂಜಿನ್ ಕಡೆ ಇದ್ದರೆ ಪೆಟ್ರೋಲ್ ಸ್ಕ್ರೂ, ಒಳಗೆ ತಿರುಗಿಸಿದರೆ ಕಮ್ಮಿಯಾಗುತ್ತೆ. ಇದು ತಲೆಕೆಳಗಾದರೆ ಇಡೀ ದಿನ ಟ್ಯೂನಿಂಗ್ ಮಾಡಿದರೂ ಕೂರಲ್ಲ.

ಹತ್ತು ನಿಮಿಷ ಓಡಿಸಿ ಇಂಜಿನ್ ಬಿಸಿ ಮಾಡಿ ಆಫ್ ಮಾಡಿ. ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ಹಾಕಿ (ಒತ್ತಬೇಡಿ, ಮೊನೆ ಕೆಡುತ್ತೆ), ಒಂದೂವರೆಯಿಂದ ಎರಡು ಸುತ್ತು ಹೊರಗೆ ತನ್ನಿ. ಸ್ಟಾರ್ಟ್ ಮಾಡಿ ಕಾಲು ಕಾಲು ಸುತ್ತು ಆಚೀಚೆ ಮಾಡುತ್ತಾ ಇಂಜಿನ್ ಅತಿ ಜಾಸ್ತಿ ತಿರುಗುವ ಜಾಗದಲ್ಲಿ ಬಿಡಿ. ಆಮೇಲೆ ಸ್ಲೋ ಸ್ಕ್ರೂನಿಂದ 1400 ಆರ್‌ಪಿಎಂ ಆಸುಪಾಸಿಗೆ ಇಳಿಸಿ. ಪ್ರತಿ ಸಲ ಹತ್ತು ಸೆಕೆಂಡ್ ಕಾಯಿರಿ. ಸ್ಕ್ರೂ ಎಷ್ಟು ತಿರುಗಿಸಿದರೂ ಇಂಜಿನ್‌ಗೆ ಗೊತ್ತೇ ಆಗದಿದ್ದರೆ ಒಳದಾರಿ ಇನ್ನೂ ಕಟ್ಟಿದೆ.

ಗ್ಯಾಸ್ಕೆಟ್:
ಇಷ್ಟಾದ ಮೇಲೂ ತಣ್ಣಗಿದ್ದಾಗ ಚೆನ್ನಾಗಿದ್ದು, ಬಿಸಿಯಾದಾಗ ಮಾತ್ರ ಆಫ್ ಆದರೆ ಟ್ಯಾಪೆಟ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ಮಧ್ಯದ ಸಂದಿ) ನೋಡಿ. ಸಂದಿ ಕಮ್ಮಿಯಿದ್ದರೆ ಬಿಸಿಯಲ್ಲಿ ವಾಲ್ವ್ ಪೂರ್ತಿ ಮುಚ್ಚಲ್ಲ, ಕಂಪ್ರೆಷನ್ ಸೋರುತ್ತೆ. ರಾತ್ರಿಯೆಲ್ಲ ನಿಂತು ತಣ್ಣಗಾದ ಇಂಜಿನ್‌ನಲ್ಲಿ, ಪಿಸ್ಟನ್ ಕಂಪ್ರೆಷನ್ ಮೇಲ್ತುದಿಯಲ್ಲಿ, ಮ್ಯಾಗ್ನೆಟ್‌ನ ಟಿ ಗುರುತು ಸೇರಿಸಿಕೊಂಡು ಫೀಲರ್ ಗೇಜ್‌ನಿಂದ (ಸಂದಿ ಅಳೆಯುವ ತೆಳು ಪಟ್ಟಿಗಳ ಸಾಧನ) ಅಳೆಯಿರಿ. ಅಳತೆ ನಿಮ್ಮ ಮಾಡೆಲ್‌ನ ಮ್ಯಾನುಯಲ್‌ನಲ್ಲಿ ಇರುವುದೇ ಇರಲಿ, ಕಿವಿಯಲ್ಲಿ ಸದ್ದು ಕೇಳಿ ಬಿಗಿ ಮಾಡಿಸಬೇಡಿ.