ಚರ್ಚ್ ಶಾಲೆಯಲ್ಲಿ ಮಗುವಿನ ಮೊದಲ ವರ್ಷ: ನಿವೃತ್ತ ಹೆಡ್ ಟೀಚರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮೇ ಕೊನೆಗೆ ಶಾಲೆ ಶುರು. 2025-26ಕ್ಕೆ ಮಕ್ಕಳನ್ನು ಚರ್ಚ್ ಶಾಲೆಗೆ ಸೇರಿಸುವವರು ಗುಂಪಿನಲ್ಲಿ ಸುಮಾರು ಜನ ಇದ್ದೀರಿ. ದಕ್ಷಿಣ ಕನ್ನಡ ಮತ್ತು ಉಡುಪಿಯ ಹಳ್ಳಿ ಕಡೆಯ ಕಥೊಲಿಕ್ ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ 34 ವರ್ಷ ಕಲಿಸಿದ ಟೀಚರ್ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಫಾರ್ವರ್ಡ್ ಹಾಕಬೇಡಿ.

ಟೀಚರ್: ನಮಸ್ಕಾರ. ಸಣ್ಣ ಶಾಲೆ ಅಂದ್ರೆ ಎಂತ ಅಂತ ಮೊದಲೇ ಹೇಳುತ್ತೇನೆ. ನಾನು ಕೊನೆಗೆ ಇದ್ದ ಶಾಲೆಯಲ್ಲಿ 64 ಮಕ್ಕಳು, ನಾಲ್ಕು ಟೀಚರ್. ಒಂದು, ಎರಡು, ಮೂರನೇ ಕ್ಲಾಸು ಒಂದೇ ಕೋಣೆ. ಚರ್ಚಿನ ಫಾದರ್ ಶಾಲೆಯ ಸಂಚಾಲಕರು. ಕಟ್ಟಡ, ಹಣಕಾಸು ಅವರದ್ದು. ಪಾಠ, ಮಕ್ಕಳು, ಹಾಜರಿ ಹೆಡ್ ಟೀಚರದ್ದು. ಪಠ್ಯ ಸರಕಾರದ್ದೇ. ಮಗುವಿನ ವಿಷಯ ಏನಿದ್ದರೂ ಮೊದಲು ಕ್ಲಾಸ್ ಟೀಚರ್ ಹತ್ತಿರ ಹೋಗಿ. ನೇರ ಫಾದರ್ ಬಂಗ್ಲೆಗೆ ಹೋದರೆ ವಿಷಯ ದೊಡ್ಡದಾಗುತ್ತದೆ, ಬಗೆಹರಿಯುವುದಿಲ್ಲ.

ಮಲ್ಲಿಗೆ: ಟೀಚರೇ, ಮಗಳಿಗೆ ಜೂನ್ 1ಕ್ಕೆ 5 ವರ್ಷ 7 ತಿಂಗಳು. ಒಂದನೇ ಕ್ಲಾಸಿಗೆ ತಗೊಳ್ತಾರಾ?

ಟೀಚರ್: ತಗೊಳ್ತಾರೆ. ನಿಯಮ 6 ವರ್ಷ. 2025-26ಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಇಳಿಸಿದ್ದಾರೆ. ಆದರೆ ತಗೊಳ್ತಾರೆ ಅಂತ ಮಾತ್ರಕ್ಕೆ ಕಳಿಸಲೇಬೇಕು ಅಂತ ಇಲ್ಲ. ಮಗು ತಾನೇ ಊಟ ಮಾಡಿ ಕೈ ತೊಳೆಯುತ್ತದಾ, ಚಡ್ಡಿ ಹಾಕಿಕೊಳ್ಳುತ್ತದಾ ನೋಡಿ.

ಅಡಿಕೆ ತೋಟ: ಫೀಸು ಎಷ್ಟು? ಡೊನೇಷನ್ ಕೇಳ್ತಾರಂತೆ.

ಟೀಚರ್: ಅನುದಾನಿತ ಕನ್ನಡ ಮಾಧ್ಯಮದ ಕ್ಲಾಸಿಗೆ ಬೋಧನಾ ಶುಲ್ಕ ಇಲ್ಲ. ಪಠ್ಯಪುಸ್ತಕ ಸರಕಾರದಿಂದ ಬರುತ್ತದೆ. ಯೂನಿಫಾರ್ಮ್ ನೀವು ಹೊಲಿಸಬೇಕು. ಮಳೆಗಾಲಕ್ಕೆ ಎರಡು ಜೊತೆ ಸಾಲುವುದಿಲ್ಲ, ಮೂರು ಮಾಡಿ. ಎಲ್‌ಕೆಜಿ, ಯುಕೆಜಿ ಆಡಳಿತ ಮಂಡಳಿಯದ್ದು, ಅದಕ್ಕೆ ಫೀಸು ಉಂಟು. ಸೀಟಿಗೆ ಡೊನೇಷನ್ ಅಂತ ಕೇಳುವ ಹಾಗಿಲ್ಲ, ಶಿಕ್ಷಣ ಹಕ್ಕು ಕಾಯಿದೆಯ 13ನೇ ಸೆಕ್ಷನ್ ತಡೆಯುತ್ತದೆ. ಆದರೆ ಒಂದು ಮಾತು. ಅನುದಾನಿತ ಶಾಲೆಯಲ್ಲಿ ಒಬ್ಬ ಟೀಚರ್ ನಿವೃತ್ತರಾದರೆ ಆ ಜಾಗ ವರ್ಷಗಟ್ಟಲೆ ತುಂಬುವುದಿಲ್ಲ. ಗೌರವ ಶಿಕ್ಷಕಿಯರಿಗೆ ಸಂಬಳ ಚರ್ಚಿನವರು, ಹಳೆ ವಿದ್ಯಾರ್ಥಿಗಳು ಸೇರಿ ಕೊಡುತ್ತಾರೆ. ಅದಕ್ಕೆ ಸಹಾಯ ಕೇಳಿದರೆ ಆದಷ್ಟು ಕೊಡಿ. ರಶೀದಿ ತಗೊಳ್ಳಿ. ಕೊಡಲಿಕ್ಕೆ ಆಗದಿದ್ದರೆ ಆಗುವುದಿಲ್ಲ ಅಂತ ಹೇಳಿ. ಅದಕ್ಕಾಗಿ ಮಗುವನ್ನು ಬೇರೆ ಕಣ್ಣಲ್ಲಿ ನೋಡುವ ಟೀಚರ್ ಟೀಚರೇ ಅಲ್ಲ.

ನಾಲ್ಕನೇ ಕ್ಲಾಸ್ ಅಪ್ಪ: ಫಾರ್ವರ್ಡ್ ಅಲ್ಲ, ನಿಜವಾಗಿ ಕೇಳ್ತಿದ್ದೇನೆ. ಚರ್ಚ್ ಶಾಲೆಯಲ್ಲಿ ಎಲ್ಲ ಮಕ್ಕಳೂ ಅವರ ಪ್ರಾರ್ಥನೆ ಕಲಿಯಲೇಬೇಕು ಅಂತ ಮೆಸೇಜ್ ಬಂತು.

ಟೀಚರ್: ಸುಳ್ಳು. ಸಂವಿಧಾನದ 28(3)ನೇ ವಿಧಿ ಓದಿ. ಸರಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧೆಗೆ ಕೂರಿಸುವ ಹಾಗಿಲ್ಲ. ನಡೆಯುವುದು ಹೀಗೆ. ಕಥೊಲಿಕ್ ಮಕ್ಕಳಿಗೆ ದೊತೊರ್ನ್ (ಅವರ ಧರ್ಮಪಾಠ) ಅಂತ ಒಂದು ಪೀರಿಯಡ್, ಅದೇ ಹೊತ್ತಿಗೆ ಉಳಿದ ಮಕ್ಕಳಿಗೆ ನೀತಿ ಪಾಠ. ಬೆಳಿಗ್ಗೆ ಅಸೆಂಬ್ಲಿಯಲ್ಲಿ ಎಲ್ಲರೂ ಕೈ ಮುಗಿದು ನಿಲ್ಲುತ್ತಾರೆ, ನಾಡಗೀತೆ, ರಾಷ್ಟ್ರಗೀತೆ. ನಿಮಗೆ ಸರಿ ಕಾಣದ್ದು ಏನಾದರೂ ಇದ್ದರೆ ಪತ್ರ ಬರೆದು ಕೊಡಿ.

ಸೆಪ್ಟೆಂಬರ್ 8ರ ಮರಿಯಮ್ಮನ ಹುಟ್ಟುಹಬ್ಬ ಮೊಂತಿ ಫೆಸ್ಟ್‌ಗೆ ಮುಂಚೆ ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ತರುತ್ತಾರೆ. ಯಾರೂ ಒತ್ತಾಯ ಮಾಡುವುದಿಲ್ಲ. ಆದರೂ ಎಲ್ಲ ಮನೆಯ ಮಕ್ಕಳೂ ತರುತ್ತಾರೆ. ಚೀಲದಲ್ಲಿ ಪುಸ್ತಕದ ಮೇಲೆ ಕೆಸುವಿನ ಎಲೆ, ಅದರಲ್ಲಿ ಕಟ್ಟಿದ ದಾಸವಾಳ, ಎಲೆ ಬಿಚ್ಚಿದರೆ ಮಳೆ ನೀರು ಇನ್ನೂ ಉರುಳುತ್ತಿರುತ್ತದೆ. ಹೊಸ ಭತ್ತದ ತೆನೆ ಆಶೀರ್ವಾದ ಮಾಡಿ ಮನೆಗೊಂದು ಕೊಡುತ್ತಾರೆ. ಊರಿನ ಹಬ್ಬ ಅದು. ನಿಮಗೆ ಇಷ್ಟ ಇಲ್ಲದಿದ್ದರೆ ಕಳಿಸಬೇಡಿ, ಯಾರೂ ಕೇಳುವುದಿಲ್ಲ.

ಮಲ್ಲಿಗೆ: ಬೊಟ್ಟು, ಬಳೆ, ತಲೆಗೆ ಹೂ?

ಟೀಚರ್: ನಾನಿದ್ದ ಕಡೆ ತಡೆದಿಲ್ಲ. ನಿಮ್ಮ ಶಾಲೆಯ ನಿಯಮ ಕೇಳಿ.

ಮೊದಲನೇ ಮಗು: ಟೀಚರ್, ನನ್ನ ಮಗಳದ್ದು ಬೇರೆ ಥರ. ಕಳೆದ ವರ್ಷ ಚರ್ಚ್ ಶಾಲೆಯ ಯುಕೆಜಿಯಲ್ಲೇ ಇದ್ದಳು. ಮನೆಯಲ್ಲಿ ನಾವು ತುಳು. ಮನೆಯಲ್ಲಿ ಬಾಯಿ ನಿಲ್ಲುವುದಿಲ್ಲ. ಶಾಲೆಯಲ್ಲಿ ಇಡೀ ವರ್ಷ ಒಂದೇ ಒಂದು ಮಾತು ಆಡಿಲ್ಲ. ಮಿಸ್ ಕೇಳಿದರೆ "ಒಳ್ಳೆ ಮಗು, ಶಬ್ದವೇ ಇಲ್ಲ" ಅಂತಾರೆ. ಮನೆಗೆ ಬಂದವಳು ಚಪ್ಪಲಿ ಕೂಡ ಬಿಚ್ಚದೆ ಬಚ್ಚಲಿಗೆ ಓಡುತ್ತಾಳೆ. ಎರಡು ಸಲ ದಾರಿಯಲ್ಲೇ ಬಟ್ಟೆ ಒದ್ದೆ ಆಗಿತ್ತು. ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್. ಈಗ ಒಂದನೇ ಕ್ಲಾಸು. ಭಯ ಆಗ್ತಾ ಉಂಟು.

ಹಳೆ ವಿದ್ಯಾರ್ಥಿ: ಅಕ್ಕಾ, ಬಜೆ ಜೇನಿನಲ್ಲಿ ತೇಯ್ದು ನಾಲಿಗೆಗೆ ಹಚ್ಚಿ. 21 ದಿನ. ನಮ್ಮ ಗುಂಪಿನಲ್ಲಿ ಬಂದ ಮೆಸೇಜ್ ಹಾಕ್ತೇನೆ.

ಟೀಚರ್: ಹಾಕಬೇಡಿ. ಆ ಮಗುವಿನ ನಾಲಿಗೆಗೆ ಏನೂ ಆಗಿಲ್ಲ, ಮನೆಯಲ್ಲಿ ಮಾತು ನಿಲ್ಲುವುದಿಲ್ಲ ಅಂತ ತಾಯಿ ಬರೆದದ್ದು ಓದಿದಿರಾ? ಬಜೆ ಜಾಸ್ತಿಯಾದರೆ ವಾಂತಿ ಆಗುತ್ತದೆ.

ಅಮ್ಮಾ, ನಾಲ್ಕು ವಿಷಯ ಹೇಳಿ. ಕ್ಲಾಸಿನ ತುಳು ಮಕ್ಕಳ ಹತ್ತಿರ ಆಟದ ಹೊತ್ತಿನಲ್ಲಾದರೂ ಮಾತಾಡುತ್ತಾಳಾ? ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ ಹೇಗೆ? ಕಿವಿ ಪರೀಕ್ಷೆ ಆಗಿದೆಯಾ? ಮೂತ್ರ ಮಾಡುವಾಗ ಉರಿ, ಜ್ವರ ಇತ್ತಾ?

ದುಬೈ ಕುಡ್ಲ: ಇದಕ್ಕೇ ನಾವು ಮನೆಯಲ್ಲಿ ತುಳು ಬಿಟ್ಟು ಇಂಗ್ಲಿಷ್ ಶುರು ಮಾಡಿದ್ದು. ಮೊದಲ ದಿನದಿಂದ ಇಂಗ್ಲಿಷ್ ಮೀಡಿಯಂಗೆ ಹಾಕಿ, ತೊಂದರೆಯೇ ಇರುವುದಿಲ್ಲ.

ಅಡಿಕೆ ತೋಟ: ದುಬೈಯಲ್ಲಿ ಕೂತು ಊರಿನ ಕನ್ನಡ ಶಾಲೆ ಮುಚ್ಚಿಸುವವರು ನೀವೇ. ಐದನೇ ಕ್ಲಾಸ್ ತನಕ ಕನ್ನಡ ಕಡ್ಡಾಯ ಮಾಡಬೇಕಿತ್ತು.

ದುಬೈ ಕುಡ್ಲ: 2014ರ ಮೇ 6ರಂದು ಸುಪ್ರೀಂ ಕೋರ್ಟ್ ಹೇಳಿದೆ, ಪ್ರಾಥಮಿಕದಲ್ಲಿ ಮಾಧ್ಯಮ ಆರಿಸುವುದು ಪೋಷಕರ ಹಕ್ಕು ಅಂತ. ನಿಮ್ಮ ತೋಟದ ಕಾನೂನು ಬೇರೆಯಾ?

ಅಡಿಕೆ ತೋಟ: ಹಕ್ಕು ಉಂಟು ಅಂತ ತಾಯಿ ಭಾಷೆ ಮರೆಯಬೇಕಾ?

ಹಳೆ ವಿದ್ಯಾರ್ಥಿ: ಮಿಷನ್ ಶಾಲೆಯವರೇ ಕನ್ನಡ ಉಳಿಸಿದ್ದು ಮಾರಾಯ್ರೇ. ಮೊದಲ ಪತ್ರಿಕೆ, ಕಿಟ್ಟೆಲ್ ಕೋಶ, ಎಲ್ಲ ಇದೇ ಚರ್ಚಿನವರು.

ಟೀಚರ್: ಅದು ಬಾಸೆಲ್ ಮಿಷನ್, ಪ್ರಾಟೆಸ್ಟೆಂಟ್ ಸಂಸ್ಥೆ. 1843ರ ಮಂಗಳೂರ ಸಮಾಚಾರವೂ ಕಿಟ್ಟೆಲ್ ಕೋಶವೂ ಅವರದ್ದು. ಕಥೊಲಿಕರದ್ದು ಬೇರೆ ದಾರಿ. ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಾಲೆ ನಡೆಸಿದರು. ಜೆಸ್ವಿಟ್ ಪಾದ್ರಿಗಳು ಬಂದದ್ದು 1878ರ ಕೊನೆಗೆ. ನಾನು ಆ ತಾಯಿಯ ಉತ್ತರಕ್ಕೆ ಕಾಯುತ್ತಿದ್ದೇನೆ.

ಶಿರ್ವ ಕಡೆಯವರು: ಚರ್ಚ್ ಶಾಲೆಯಲ್ಲಿ ಆರ್‌ಟಿಇ ಸೀಟು ಸಿಗ್ತದಾ?

ಟೀಚರ್: ಇಲ್ಲ. ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಇಡುವ ಆ 25% ಸೀಟಿನ ನಿಯಮ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟಿನ 2014ರ ತೀರ್ಪು. ಅನುದಾನಿತ ಶಾಲೆಗೆ ನೇರ ಹೋಗಿ ಸೇರಿಸಿ.

ಕಡಲಕೆರೆ: ನಮ್ಮ ಮಗನಿಗೆ 5 ವರ್ಷ 6 ತಿಂಗಳು, ಆಗ್ತದಾ?

ಟೀಚರ್: ಮೇಲೆ ನೋಡಿ.

ಮೊದಲನೇ ಮಗು: ಟೀಚರ್, ಕಿವಿ ಸರಿ ಉಂಟು, ಶಾಲೆಗೆ ಬಂದ ಡಾಕ್ಟರ ತಂಡ ನೋಡಿದೆ. ಉರಿ ಫೆಬ್ರವರಿಯಲ್ಲಿ ಒಮ್ಮೆ ಇತ್ತು, ಔಷಧಿ ಕೊಟ್ಟರು. ತುಳು ಮಕ್ಕಳ ಹತ್ತಿರವೂ ಮಾತಿಲ್ಲ. ಪಕ್ಕದ ಮನೆಯ ಹುಡುಗಿ ಅದೇ ಕ್ಲಾಸು, ನಮ್ಮ ಅಂಗಳದಲ್ಲಿ ಅವಳ ಜೊತೆ ಕಿರುಚಾಡಿ ಆಡುತ್ತಾಳೆ. ಶಾಲೆಯ ಗೇಟು ದಾಟಿದರೆ ಅವಳ ಹತ್ತಿರವೂ ಇಲ್ಲ.

ಟೀಚರ್: ಹೇಳಿದ್ದು ಒಳ್ಳೆಯದಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ.

ಹೊಸ ಭಾಷೆಗೆ ಬಂದ ಮಗು ಕೆಲವು ತಿಂಗಳು ಸುಮ್ನೆ ಕೇಳುತ್ತಾ ಇರುತ್ತದೆ. ಅದು ಸಹಜ. ಒಮ್ಮೆ ಅಜ್ಜಿಯ ಕೈ ಹಿಡಿದು ಬಂದ ಒಬ್ಬ ಹುಡುಗ ನನ್ನ ಕ್ಲಾಸಿನಲ್ಲಿ ಜೂನ್‌ನಿಂದ ಬಾಯಿ ತೆರೆಯಲಿಲ್ಲ. ದೀಪಾವಳಿ ಕಳೆದ ವಾರ, ಊಟದ ಸಾಲಿನಲ್ಲಿ ಬಡಿಸುತ್ತಿದ್ದ ಅಡುಗೆ ಅಕ್ಕನಿಗೆ "ಉಪ್ಪು ಇಜ್ಜಿ" ಅಂದ. ಸಾರಿಗೆ ಉಪ್ಪಿಲ್ಲ ಅಂತ. ಅಕ್ಕ ಸೌಟು ಹಿಡಿದುಕೊಂಡೇ ನನ್ನ ಹತ್ತಿರ ಓಡಿ ಬಂದಳು. ಆ ಹುಡುಗ ಆಟದಲ್ಲಿ ಮೊದಲಿನಿಂದಲೂ ತುಳುವಿನಲ್ಲಿ ಗುಸುಗುಸು ಮಾಡುತ್ತಿದ್ದ. ಅವನದ್ದು ಭಾಷೆಯ ಅಂಜಿಕೆ.

ನಿಮ್ಮ ಮಗಳದ್ದು ಅದಲ್ಲ ಅಂತ ನನಗೆ ಕಾಣುತ್ತದೆ. ತನ್ನದೇ ಭಾಷೆಯಲ್ಲಿ, ತನ್ನದೇ ಗೆಳತಿಯ ಹತ್ತಿರ, ಗೇಟಿನ ಒಳಗೆ ಮಾತು ನಿಲ್ಲುತ್ತದೆ. ವರ್ಷ ಇಡೀ. ಇದನ್ನು ತಜ್ಞರು ಆಯ್ದ ಮೌನ (ಸೆಲೆಕ್ಟಿವ್ ಮ್ಯೂಟಿಸಂ) ಅನ್ನುತ್ತಾರೆ. ಶಾಲೆಯ ಮೊದಲ ತಿಂಗಳು ಬಿಟ್ಟು ಆಮೇಲೂ ಒಂದು ತಿಂಗಳಿಗಿಂತ ಜಾಸ್ತಿ ಹೀಗೇ ಇದ್ದರೆ ತೋರಿಸಬೇಕು. ಹೌದೋ ಅಲ್ಲವೋ ಹೇಳಬೇಕಾದವರು ಮಕ್ಕಳ ಡಾಕ್ಟರು, ಮನಶ್ಶಾಸ್ತ್ರಜ್ಞರು, ನಾನಲ್ಲ. ಇದು ಹಠ ಅಲ್ಲ, ಸೊಕ್ಕು ಅಲ್ಲ. ಹೆದರಿಕೆಗೆ ಗಂಟಲು ಕಟ್ಟುತ್ತದೆ. ಜಾಸ್ತಿ ತೊಂದರೆ ಆಗುವುದು "ಒಳ್ಳೆ ಮಗು" ಅಂತ ಬಿಟ್ಟುಬಿಡುವುದರಿಂದ. ಗಲಾಟೆ ಮಾಡುವ ಮಗುವನ್ನು ದಿನಕ್ಕೆ ಹತ್ತು ಸಲ ನೋಡುತ್ತೇವೆ, ಇಂಥ ಮಗುವನ್ನು ನೋಡುವುದೇ ಇಲ್ಲ. ನಾನೂ ನನ್ನ ಮೊದಲ ವರ್ಷಗಳಲ್ಲಿ ಹಾಗೆ ಬಿಟ್ಟಿದ್ದೇನೆ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಮೊದಲು ಮೂತ್ರದ ವಿಷಯ, ಅದನ್ನು ಮುಂದೆ ಹಾಕುವ ಹಾಗಿಲ್ಲ. ಕೇಳಲಿಕ್ಕೆ ಬಾಯಿ ಬರುವುದಿಲ್ಲ, ಅದಕ್ಕೆ ನೀರೇ ಕುಡಿಯುವುದಿಲ್ಲ. ದಿನವಿಡೀ ಕಟ್ಟಿಕೊಂಡರೆ ಸೋಂಕು ಮತ್ತೆ ಬರುತ್ತದೆ, ಮಲಬದ್ಧತೆಯೂ ಆಗುತ್ತದೆ. ಇನ್ನೊಮ್ಮೆ ಡಾಕ್ಟರಿಗೆ ತೋರಿಸಿ. ಕ್ಲಾಸ್ ಟೀಚರ್ ಹತ್ತಿರ ಒಂದೇ ಒಂದು ಬೇಡಿಕೆ ಇಡಿ: ಬೆಲ್ ಆದಾಗ ಎಲ್ಲ ಮಕ್ಕಳನ್ನೂ ಸಾಲಾಗಿ ಕರೆದುಕೊಂಡು ಹೋಗಲಿ, ಯಾರೂ ಕೇಳುವುದೇ ಬೇಡ. ನಡುವೆ ಬೇಕಾದರೆ ಕಿರುಬೆರಳು ಎತ್ತಿದರೆ ಸಾಕು. "ಬಾಯಲ್ಲಿ ಹೇಳು, ಆಗ ಬಿಡ್ತೇನೆ" ಅನ್ನಬಾರದು. ಶಾಲೆ ಶುರುವಾಗುವ ಮೊದಲು ನೀವೇ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಚಿಲಕ ಹಾಕಲು ತೆಗೆಯಲು ತೋರಿಸಿ. ಹಳೆ ಕಟ್ಟಡದ ಚಿಲಕ ಮಳೆಗಾಲದಲ್ಲಿ ಬಿಗಿಯಾಗುತ್ತದೆ. ಒಳಗೆ ಸಿಕ್ಕಿಹಾಕಿಕೊಳ್ಳುವ ಹೆದರಿಕೆ ಎಷ್ಟೋ ಮಕ್ಕಳಿಗೆ ಇರುತ್ತದೆ.

ಇನ್ನು ಮಾತು. ಶಾಲೆ ಬಿಟ್ಟ ಮೇಲೆ, ಖಾಲಿ ಕ್ಲಾಸಿನಲ್ಲಿ ನೀವು ಮತ್ತು ಅವಳು ಇಬ್ಬರೇ ಅರ್ಧ ಗಂಟೆ ಆಡಿ. ತುಳುವಿನಲ್ಲೇ. ಆ ಗೋಡೆಗಳ ಒಳಗೆ ಅವಳ ಸ್ವರ ಅವಳಿಗೇ ಕೇಳಬೇಕು. ಅದು ಸುಲಭ ಆದ ಮೇಲೆ ಪಕ್ಕದ ಮನೆಯ ಹುಡುಗಿ ಸೇರಲಿ. ಆಮೇಲೆ ಟೀಚರ್ ಬಾಗಿಲ ಹತ್ತಿರ ಪುಸ್ತಕ ತಿದ್ದುತ್ತಾ ಕೂರಲಿ, ಅವಳನ್ನು ನೋಡುವುದು ಬೇಡ. ಇನ್ನೊಂದು ದಿನ ಸ್ವಲ್ಪ ಹತ್ತಿರ. ಹಿಂದೆ ಹೋದರೆ ನೀವೂ ಒಂದು ಹೆಜ್ಜೆ ಹಿಂದೆ ಹೋಗಿ. "ಮಾತಾಡಿದರೆ ಚಾಕಲೇಟ್" ಬೇಡ. ಮಾತಾಡಿದ ದಿನ ಚಪ್ಪಾಳೆಯೂ ಬೇಡ. ಮನೆಯಲ್ಲಿ ತುಳು ನಿಲ್ಲಿಸಬೇಡಿ. ಅವಳಿಗೆ ಧೈರ್ಯ ಇರುವ ಒಂದೇ ಭಾಷೆ ಅದು, ಅದನ್ನೂ ಕಿತ್ತುಕೊಳ್ಳುವುದಾ?

ದುಬೈ ಕುಡ್ಲ: ಕೊನೆಯ ಮಾತು ನನಗಾ?

ಟೀಚರ್: ಎಲ್ಲ ಪೋಷಕರಿಗೂ.

ಅಡಿಕೆ ತೋಟ: ಈಗ ಅರ್ಥ ಆಯ್ತಾ ದುಬೈಯವರಿಗೆ.

ದುಬೈ ಕುಡ್ಲ: ನಿಮ್ಮ ಮಗ ಓದುವುದು ಯಾವ ಮೀಡಿಯಂ ಅಂತ ಗುಂಪಿಗೆ ಹೇಳಿ ನೋಡುವ. ಪೇಟೆಯ ಇಂಗ್ಲಿಷ್ ಶಾಲೆಯ ಬಸ್ಸು ನಿಮ್ಮ ಗೇಟಿಗೆ ಬರುವುದು ಎಲ್ಲರಿಗೂ ಗೊತ್ತುಂಟು.

ಅಡಿಕೆ ತೋಟ: ಮನೆ ವಿಷಯಕ್ಕೆ ಬರಬೇಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಮುಂದಿನ ಮೆಸೇಜ್ ಅಳಿಸುತ್ತೇನೆ.

ನಾಲ್ಕನೇ ಕ್ಲಾಸ್ ಅಪ್ಪ: ಮೊಟ್ಟೆ ತಿನ್ನದ ಮಕ್ಕಳಿಗೆ?

ಟೀಚರ್: ಬಾಳೆಹಣ್ಣು. ಶುರುವಿನಲ್ಲೇ ಬರೆದು ಕೊಡಿ.

ಶಿರ್ವ ಕಡೆಯವರು: ಫಾದರ್‌ಗೆ ವರ್ಗ ಆದರೆ ಹೊಸಬರು ಶಾಲೆ ಮುಚ್ಚುತ್ತಾರೆ ಅಂತ ಸುದ್ದಿ ಉಂಟು. ನಿಜವಾ?

ಕಡಲಕೆರೆ: ಆಟೋದಲ್ಲಿ ಹನ್ನೊಂದು ಮಕ್ಕಳನ್ನು ತುಂಬುತ್ತಾರೆ. ಯಾರಿಗೆ ಹೇಳಬೇಕು?

ಹಳೆ ವಿದ್ಯಾರ್ಥಿ: ಟೀಚರ್, ತಲೆಯ ಹೇನಿಗೆ ಸೀಮೆಎಣ್ಣೆ ಒಳ್ಳೆಯದು ಅಂತ ಬಂದಿದೆ. ಇದಾದರೂ ಹಾಕಬಹುದಲ್ವಾ?

ಟೀಚರ್: ಬೇಡ! ಚರ್ಮ ಸುಡುತ್ತದೆ. ಒಲೆ ಹತ್ತಿರ ಹೋದರೆ ತಲೆಗೇ ಬೆಂಕಿ. ಹೇನಿನ ಬಾಚಣಿಗೆಯಲ್ಲಿ ಒದ್ದೆ ಕೂದಲು ಎರಡು ವಾರ ಬಾಚಿ, ಡಾಕ್ಟರು ಕೊಟ್ಟ ಲೋಷನ್ ಹಚ್ಚಿ. ಯಾರೋ ಕಳಿಸಿದ್ದನ್ನು ಮಕ್ಕಳ ಮೈಮೇಲೆ ಪ್ರಯೋಗ ಮಾಡುವುದನ್ನು ನಿಲ್ಲಿಸಿ. ಇದು ಮೂರನೇ ಸಲ ಹೇಳುವ ಹಾಗೆ ಮಾಡಬೇಡಿ.

ಹಳೆ ವಿದ್ಯಾರ್ಥಿ: ಒಳ್ಳೆಯದಕ್ಕೆ ಹೇಳಿದ್ದು. ಇಷ್ಟು ಸಿಟ್ಟು ಯಾಕೆ?

ಮಲ್ಲಿಗೆ: ಅಣ್ಣಾ, ಸಾಕು ಬಿಡಿ.

ಮೊದಲನೇ ಮಗು: ಟೀಚರ್, ಶಾಲೆ ಈಗ ಮುಚ್ಚಿದೆ. ಯಾರ ಹತ್ತಿರ ಹೋಗಲಿ? ಹೊಸ ಕ್ಲಾಸ್ ಟೀಚರ್ ಯಾರು ಅಂತ ಕೂಡ ಗೊತ್ತಿಲ್ಲ.

ಟೀಚರ್: ಪ್ರವೇಶಾತಿಗೆ ಹೆಡ್ ಟೀಚರ್ ಬೆಳಿಗ್ಗೆ ಹೊತ್ತು ಬರುತ್ತಾರೆ. ಸೋಮವಾರವೇ ಹೋಗಿ. ಒಂದನೇ ಕ್ಲಾಸು ಯಾರಿಗೆ ಅಂತ ಕೇಳಿ, ಅವರನ್ನು ಕಾಣಬೇಕು ಅಂತ ಹೇಳಿ. ಮಗಳ ಎದುರು "ಇವಳು ಮಾತಾಡುವುದಿಲ್ಲ" ಅನ್ನಬೇಡಿ. ಅವಳನ್ನು ಅಂಗಳಕ್ಕೆ ಬಿಟ್ಟು, ಒಳಗೆ ಹೋಗಿ ಹೇಳಿ. ಈ ಸಲ ಮೇ ತಿಂಗಳಲ್ಲೇ ಮಳೆ ಹಿಡಿದಿದೆ, ಚಿಲಕ ಅವತ್ತೇ ನೋಡಿಕೊಂಡು ಬನ್ನಿ. ಸೋಮವಾರ ರಾತ್ರಿ ನನಗೆ ಬರೆಯಿರಿ, ಕಾಯುತ್ತೇನೆ.

ಮೊದಲನೇ ಮಗು: ಬರೆಯುತ್ತೇನೆ ಟೀಚರ್.

ಪಡುಬೆಟ್ಟು: ಈಗಷ್ಟೇ ಗುಂಪಿಗೆ ಬಂದೆ. ಮಗನಿಗೆ ಐದೂವರೆ ವರ್ಷ, ಒಂದನೇ ಕ್ಲಾಸಿಗೆ ಆಗ್ತದಾ?